ಚೀನೀ ತಟ್ಟೆಗೆ ಹುಣಸೆಹಣ್ಣು ಬೇಡ

ಒಡೆದ ಪಿಂಗಾಣಿ ತಂದರೆ ನನಗೆ ಬೇಸರವಿಲ್ಲ. ಅಂಟಿಸುವುದೇ ನನ್ನ ಕೆಲಸ. ಹೊಟ್ಟೆ ಉರಿಯುವುದು ಚೆನ್ನಾಗಿ ತೊಳೆದು ತಂದಾಗ.

ಮೊನ್ನೆ ಒಬ್ಬರು ಅಜ್ಜಿ ತಮ್ಮ ಅತ್ತೆಯ ಕಾಲದ ಚೀನೀ ತಟ್ಟೆ ತಂದರು. ಗುಲಾಬಿ ಹೂವುಗಳು ಮಂಕಾಗಿದ್ದವು. ಅಂಚಿನ ಚಿನ್ನದ ಗೆರೆ ಮುಕ್ಕಾಲು ಪಾಲು ಮಾಯ. "ಏನೂ ಮಾಡ್ಲಿಲ್ಲ ಕಣಪ್ಪಾ. ಹಿತ್ತಾಳೆ ಪಾತ್ರೆ ಜೊತೆ ಹುಣಸೆಹಣ್ಣು ಹಾಕಿ ತಿಕ್ಕಿದೆ, ಅಷ್ಟೇ. ಪಿಂಗಾಣಿ ಗಟ್ಟಿ ಅಲ್ವಾ?"

ಪಿಂಗಾಣಿ ಗಟ್ಟಿ, ನಿಜ. ಅದರ ಮೇಲಿನ ಬಣ್ಣ ಗಟ್ಟಿಯಲ್ಲ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಚೀನಾದ ಪಿಂಗಾಣಿ ಊರು ಜಿಂಗ್‌ಡೆಜೆನ್‌ನ ನೀಲಿ-ಬಿಳಿ ಪಾತ್ರೆ ನೋಡಿ. ಸುಡುವ ಮೊದಲೇ ನೀಲಿ ಕೊಡುವ ಕೋಬಾಲ್ಟ್‌ನಲ್ಲಿ ಚಿತ್ರ ಬರೆದು, ಮೇಲೆ ಮೆರುಗು ಬಳಿದು, ಸುಮಾರು 1300 ಡಿಗ್ರಿಯಲ್ಲಿ ಸುಡುತ್ತಾರೆ. ಚಿತ್ರ ಗಾಜಿನಂಥ ಮೆರುಗಿನ ಅಡಿಯಲ್ಲಿ ಭದ್ರ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಇಂಥವೇ ನೀಲಿ-ಬಿಳಿ ಡೇವಿಡ್ ಹೂದಾನಿಗಳ ಮೇಲೆ 1351ರ ತಾರೀಕಿದೆ. ನೀಲಿ ಇಂದಿಗೂ ಮಾಸಿಲ್ಲ.

ಗುಲಾಬಿ, ಹಳದಿಯಂಥ ಬಣ್ಣಗಳು ಅಷ್ಟು ಶಾಖ ತಾಳುವುದಿಲ್ಲ. ಅವನ್ನು ಸುಟ್ಟ ಪಾತ್ರೆಯ ಮೆರುಗಿನ ಮೇಲೆ ಬರೆದು, 700–850 ಡಿಗ್ರಿಯಲ್ಲಿ ಇನ್ನೊಮ್ಮೆ ಸುಡುತ್ತಾರೆ. ಅದು ಸೀಸ ಬೆರೆತ ಮೆತ್ತನೆ ಗಾಜು. ಹುಳಿ ಅದನ್ನು ತಿನ್ನುತ್ತದೆ. ಚಿನ್ನದ ಗೆರೆ ಎಲ್ಲಕ್ಕಿಂತ ಕೊನೆಗೆ, ಇನ್ನೂ ಕಮ್ಮಿ ಶಾಖಕ್ಕೆ. ಉಜ್ಜಿದರೆ ಹೋಗದೆ ಇನ್ನೇನು? (ಆ ಗುಲಾಬಿಯ ಕೆಂಪು ಬರುವುದೂ ಚಿನ್ನದಿಂದಲೇ. ಅಜ್ಜಿಗೆ ಇದನ್ನು ಹೇಳಲು ಮನಸ್ಸಾಗಲಿಲ್ಲ.)

ಕೆಲವದರಲ್ಲಿ ಎರಡೂ ಇರುತ್ತವೆ. 'ದೌತ್ಸಾಯ್' ಅಂದರೆ ಗೆರೆ ಮೆರುಗಿನ ಕೆಳಗೆ ನೀಲಿಯಲ್ಲಿ, ತುಂಬಿದ ಬಣ್ಣ ಮೇಲೆ. ಚೀನಾದ ಚೆಂಗ್‌ಹುವಾ ದೊರೆಯ ಕಾಲದ (1465–1487) ಕೋಳಿ ಚಿತ್ರದ ಬಟ್ಟಲು ಇಂಥದ್ದೇ. 2014ರಲ್ಲಿ ಒಂದು ಬಟ್ಟಲು ಹಾಂಗ್‌ಕಾಂಗ್‌ನಲ್ಲಿ 28 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹರಾಜಾಯಿತು. ಕೊಂಡವರು ಅದರಲ್ಲೇ ಚಹಾ ಕುಡಿದರು! ಕುಡಿಯಲಿ ಬಿಡಿ. ತಿಕ್ಕಿದ್ದರೆ ಬಣ್ಣ ಹೋಗಿ, ಕೆಳಗಿನ ನೀಲಿಯಷ್ಟೇ ಉಳಿಯುತ್ತಿತ್ತು.

ಮನೆಯಲ್ಲಿ ಗುರುತಿಸಬೇಕೇ? ಬೆಳಕಿಗೆ ಓರೆಯಾಗಿ ಹಿಡಿದು ಬೆರಳಾಡಿಸಿ. ಉಬ್ಬು ತಗುಲಿದರೆ ಸಾಮಾನ್ಯವಾಗಿ ಮೇಲಿನ ಬಣ್ಣ. ತಗುಲಲಿಲ್ಲ ಅಂತ ಧೈರ್ಯ ಮಾಡಬೇಡಿ. ಕಬ್ಬಿಣದಿಂದ ಬರುವ ಕೆಂಪೂ ಮೇಲಿನ ಬಣ್ಣವೇ, ಆದರೆ ತೀರಾ ತೆಳುವಾಗಿರುತ್ತದೆ, ಬೆರಳಿಗೆ ಸಿಗುವುದೇ ಇಲ್ಲ.

ಹೋದ ಚಿನ್ನ ಮತ್ತೆ ಬಳಿದುಕೊಡಿ ಅಂದರು ಅಜ್ಜಿ. ನಾನು ಒಪ್ಪಲಿಲ್ಲ. ಉಳಿದದ್ದೇ ಅಸಲಿ. "ಹಂಗಾದ್ರೆ ಹಬ್ಬಕ್ಕೆ ಹೆಂಗಪ್ಪಾ ತೊಳೀಲಿ?" ಉಗುರುಬೆಚ್ಚಗಿನ ನೀರಲ್ಲಿ ಮೆತ್ತನೆ ಬಟ್ಟೆ ಅದ್ದಿ, ಹಿಂಡಿ, ಸುಮ್ನೆ ಒರೆಸಿ ಅಂದೆ. ಬಿರುಕಿದ್ದರೆ ಅದೂ ಬೇಡ, ಮೊದಲು ತಂದು ತೋರಿಸಿ.