60 ಆಪರೇಶನ್, ಸಾವು ಸೊನ್ನೆ: ಈ ಲೆಕ್ಕವನ್ನು ಓದುವುದು ಹೇಗೆ?

ಚಿಕ್ಕ ಆಸ್ಪತ್ರೆಯೊಂದರ ವರದಿ ಕೈಗೆ ಬಂದಿದೆ ಅಂದುಕೊಳ್ಳಿ. 60 ಜನರಿಗೆ ತೂಕ ಇಳಿಸುವ ಆಪರೇಶನ್ ಆಗಿದೆ. 30 ದಿನದೊಳಗೆ ಯಾರೂ ತೀರಿಕೊಂಡಿಲ್ಲ. ಓದಿದ ಕೂಡಲೇ ‘ಸರಿ, ಇಲ್ಲಿ ಭಯವಿಲ್ಲ’ ಅನ್ನಿಸುತ್ತದೆ, ಅಲ್ವಾ? ಅಲ್ಲೇ ಸ್ವಲ್ಪ ನಿಲ್ಲೋಣ.

ಇದಕ್ಕೊಂದು ಸುಲಭ ಲೆಕ್ಕವಿದೆ. ಒಂದು ಅನಾಹುತ ಒಮ್ಮೆಯೂ ಆಗಿಲ್ಲ ಅಂದರೆ, 3ನ್ನು ಒಟ್ಟು ರೋಗಿಗಳ ಸಂಖ್ಯೆಯಿಂದ ಭಾಗಿಸಿ. ಇಲ್ಲಿ 3ನ್ನು 60ರಿಂದ ಭಾಗಿಸಿದರೆ ಶೇ. 5 ಬರುತ್ತದೆ. ಅಂದರೆ ನಿಜವಾದ ಅಪಾಯ ಸೊನ್ನೆಯ ಹತ್ತಿರವೂ ಇರಬಹುದು, ಶೇ. 5ರ ತನಕವೂ ಇರಬಹುದು. ಈಗ ಹೋಲಿಸಿ ನೋಡಿ: ಅಮೆರಿಕದ 10 ಕೇಂದ್ರಗಳ 4,776 ರೋಗಿಗಳ ಮೇಲಿನ ಅಧ್ಯಯನವೊಂದು 2009ರಲ್ಲಿ ಬಂತು. ಅದರಲ್ಲಿ 30 ದಿನದೊಳಗಿನ ಸಾವು ಶೇ. 0.3, ದೊಡ್ಡ ತೊಂದರೆಗೆ ಸಿಕ್ಕವರು ಶೇ. 4.3. ನಮ್ಮ ಚಿಕ್ಕ ಆಸ್ಪತ್ರೆಯಲ್ಲಿ ಸಾವಿನ ಅಪಾಯ ಇದರ ಮೂರು ಪಟ್ಟು, ಅಂದರೆ ಸುಮಾರು ಶೇ. 1 ಇದ್ದರೂ, 60 ಜನರಲ್ಲಿ ಒಂದೂ ಸಾವು ಕಾಣದಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ!

ಹಾಗಾಗಿ ನಾನು ಸಾವಿನ ಸಾಲನ್ನು ಬಿಟ್ಟು ಬೇರೆ ಸಾಲುಗಳನ್ನು ಮೊದಲು ಓದುತ್ತೇನೆ. ಎಷ್ಟು ಜನರಿಗೆ ಮತ್ತೆ ಆಪರೇಶನ್ ಮಾಡಬೇಕಾಯಿತು? ಮನೆಗೆ ಹೋದವರಲ್ಲಿ ಎಷ್ಟು ಜನ ವಾಪಸ್ ದಾಖಲಾದರು? 30ನೇ ದಿನ ಎಷ್ಟು ಜನರ ಸುದ್ದಿ ಸಿಕ್ಕಿದೆ? ಈ ಕೊನೆಯದು ತುಂಬಾ ಮುಖ್ಯ. ತೊಂದರೆಯಾದವರು ಬೇರೆ ಆಸ್ಪತ್ರೆಗೆ ಹೋಗಿರಬಹುದು. ಸುದ್ದಿ ಸಿಗದವರನ್ನೆಲ್ಲ ‘ಚೆನ್ನಾಗಿದ್ದಾರೆ’ ಎಂದು ಬರೆದುಕೊಂಡರೆ ಲೆಕ್ಕ ಸುಳ್ಳಾಗುತ್ತದೆ.

ಆಪರೇಶನ್ ವಿಷಯ ಚಿಕ್ಕದಾಗಿ. ತೂಕ ಇಳಿಸಲು ಸಾಮಾನ್ಯವಾಗಿ ಮಾಡುವುದು ಎರಡು ಬಗೆ: ಸ್ಲೀವ್ ಮತ್ತು ಬೈಪಾಸ್. ಸ್ಲೀವ್‌ನಲ್ಲಿ ಹೊಟ್ಟೆಯ ಚೀಲದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆದು, ಉಳಿದದ್ದನ್ನು ಕೊಳವೆಯಂತೆ ಮಾಡುತ್ತಾರೆ. ಬೈಪಾಸ್‌ನಲ್ಲಿ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲೂ ಉದ್ದಕ್ಕೆ ಸ್ಟೇಪ್ಲರ್ ಹೊಲಿಗೆ ಇರುತ್ತದೆ. ಮೊದಲ ದಿನಗಳ ಭಯ ಮುಖ್ಯವಾಗಿ ಮೂರು: ರಕ್ತಸ್ರಾವ, ಹೊಲಿಗೆಯಲ್ಲಿ ಸೋರಿಕೆ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುವುದು.

ಇದರಲ್ಲಿ ಸೋರಿಕೆಯನ್ನು ಹಿಡಿಯುವುದೇ ಕಷ್ಟ. ದಪ್ಪ ಇರುವವರ ಹೊಟ್ಟೆ ಮುಟ್ಟಿ ನೋಡಿದರೆ ಮೆತ್ತಗೇ ಇರಬಹುದು. ಜ್ವರವೂ ಬಂದಿರದೆ ಇರಬಹುದು. ಮೊದಲು ಸುಳಿವು ಕೊಡುವುದು ನಾಡಿ. ನಿಮಿಷಕ್ಕೆ ಎಷ್ಟು ಬಡಿತ ಎಂದು ಬರೆದ ಒಂದು ಚಾರ್ಟ್ ಊಹಿಸಿಕೊಳ್ಳಿ: ಸಂಜೆ 6ಕ್ಕೆ 94, ರಾತ್ರಿ 10ಕ್ಕೆ 110, ನಸುಕಿನ 2ಕ್ಕೆ 124. ರೋಗಿ ‘ಏನೋ ಸರಿಯಿಲ್ಲ’ ಅನ್ನುತ್ತಾರೆ, ಅಷ್ಟೇ. ನೋವಿಗೆ ಹೀಗಾಗಿದೆ ಎಂದು ಸುಮ್ನೆ ಮಾತ್ರೆ ಕೊಟ್ಟು ಬೆಳಗಿನವರೆಗೆ ಕಾಯುವಂತಿಲ್ಲ. 120 ದಾಟಿದ ನಾಡಿ ಇಳಿಯದೇ ನಿಂತಿದ್ದರೆ ಸರ್ಜನ್‌ರನ್ನು ಎಬ್ಬಿಸಲೇಬೇಕು.

ಚಿಕ್ಕ ಆಸ್ಪತ್ರೆಯ ನಿಜವಾದ ಪರೀಕ್ಷೆ ನಸುಕಿನ ಈ 2 ಗಂಟೆಯ ಹೊತ್ತಿನಲ್ಲೇ ಎಂಬುದು ನನ್ನ ಬಲವಾದ ನಂಬಿಕೆ. ಆ ಹೊತ್ತಿನಲ್ಲಿ ಸ್ಕ್ಯಾನ್ ಆಗುತ್ತದಾ? ಆ ರೋಗಿಯ ತೂಕವನ್ನು ಸ್ಕ್ಯಾನರ್ ಮೇಜು ತಡೆಯುತ್ತದಾ? ರಕ್ತ ಸಿಗುತ್ತದಾ? ಐಸಿಯು ಇಲ್ಲದಿದ್ದರೆ ಕಳಿಸಬೇಕಾದ ದೊಡ್ಡ ಆಸ್ಪತ್ರೆಯ ಜೊತೆ ಮೊದಲೇ ಮಾತಾಗಿದೆಯಾ? ತೊಂದರೆ ಎಲ್ಲ ಕಡೆಯೂ ಆಗುತ್ತದೆ. ಅದು ಸಾವಿನ ತನಕ ಹೋಗದಂತೆ ತಡೆಯುವುದರಲ್ಲಿ ಆಸ್ಪತ್ರೆ ಆಸ್ಪತ್ರೆಗೆ ವ್ಯತ್ಯಾಸ ಕಾಣುತ್ತದೆ.

ಸರ್ಜನ್‌ರ ಕೈ ಎಷ್ಟು ಪಳಗಿದೆ ಎನ್ನುವುದೂ ಅಷ್ಟೇ ಮುಖ್ಯ. ಅಮೆರಿಕದ ಮಿಷಿಗನ್‌ನಲ್ಲಿ ಬೈಪಾಸ್ ಮಾಡುವ 20 ಸರ್ಜನ್‌ಗಳ ಆಪರೇಶನ್ ವಿಡಿಯೋಗಳಿಗೆ ಬೇರೆ ಸರ್ಜನ್‌ಗಳು ಅಂಕ ಕೊಟ್ಟರು. 2013ರಲ್ಲಿ ಫಲಿತಾಂಶ ಬಂತು. ಅಂಕಪಟ್ಟಿಯ ಕೆಳಗಿನ ಕಾಲು ಭಾಗದವರ ರೋಗಿಗಳಲ್ಲಿ ತೊಂದರೆ ಶೇ. 14.5, ಮೇಲಿನ ಕಾಲು ಭಾಗದವರಲ್ಲಿ ಶೇ. 5.2. ಕಟ್ಟಡದ ಗಾತ್ರವಷ್ಟೇ ನೋಡಿದರೆ ಈ ಅಂತರ ಕಾಣುವುದೇ ಇಲ್ಲ. ಆದರೆ ವರ್ಷಕ್ಕೆ ಬೆರಳೆಣಿಕೆಯಷ್ಟು ಆಪರೇಶನ್ ಮಾಡಿದರೆ ಕೈ ಪಳಗುವುದಾದರೂ ಹೇಗೆ? ಹಾಗಾಗಿ ಆರಂಭದಲ್ಲಿ ಅನುಭವಿ ಸರ್ಜನ್ ಪಕ್ಕದಲ್ಲಿ ನಿಲ್ಲಬೇಕು. ತೀರಾ ಹೆಚ್ಚು ತೂಕದವರನ್ನು, ಹೃದಯ ದುರ್ಬಲ ಇರುವವರನ್ನು, ಹಿಂದೊಮ್ಮೆ ಇದೇ ಆಪರೇಶನ್ ಆದವರನ್ನು ದೊಡ್ಡ ಕೇಂದ್ರಕ್ಕೆ ಕಳಿಸುವುದೇ ಸರಿ.

ಕೊನೆಯದಾಗಿ, ಮನೆಗೆ ಹೋದ ಮೇಲಿನ ವಾಂತಿ. ಎರಡು ಮೂರು ವಾರ ವಾಂತಿ ನಿಲ್ಲದಿದ್ದರೆ ಥಯಾಮಿನ್, ಅಂದರೆ ಬಿ1 ವಿಟಮಿನ್, ಖಾಲಿಯಾಗುತ್ತಾ ಬರುತ್ತದೆ. ನಡೆಯುವಾಗ ತೂರಾಡುವುದು, ಎರಡೆರಡಾಗಿ ಕಾಣುವುದು, ಗೊಂದಲ ಶುರುವಾಗಬಹುದು. ತಡವಾದರೆ ಮಿದುಳಿಗೆ ಆದ ಹಾನಿ ಹಾಗೇ ಉಳಿದುಬಿಡಬಹುದು. ಇಂಥವರು ಸುಸ್ತಾಗಿ ಬಂದಾಗ ವೈದ್ಯರ ಕೈ ತಾನಾಗಿಯೇ ಗ್ಲೂಕೋಸ್ ಬಾಟಲಿಯತ್ತ ಹೋಗುತ್ತದೆ. ಥಯಾಮಿನ್ ಇಲ್ಲದೆ ಬರೀ ಗ್ಲೂಕೋಸ್ ಕೊಟ್ಟರೆ ಸ್ಥಿತಿ ಇನ್ನೂ ಕೆಡಬಹುದು. ಥಯಾಮಿನ್ ಮೊದಲು, ಗ್ಲೂಕೋಸ್ ಆಮೇಲೆ.