ಫೈಲಿಗೂ ಒಂದು ಪಹಣಿ

ಗಂಜಿನ (ಧಾನ್ಯ ಮಾರುಕಟ್ಟೆಯ) ದಾಲ್ ಮಿಲ್ ಒಂದರ ಗುಮಾಸ್ತರು ಮೊನ್ನೆ ಫೋನ್ ಮಾಡಿದರು. “ಸರ್, ಆಡಿಟರ್ ಸಾಹೇಬರಿಗೆ ಫೈಲ್ ಕಳಿಸಿದ್ದೇನೆ, ತೆರೆಯುತ್ತಿಲ್ಲ ಎನ್ನುತ್ತಿದ್ದಾರೆ.” ಹೋಗಿ ನೋಡಿದರೆ ವಾಟ್ಸ್‌ಆ್ಯಪ್‌ನಲ್ಲಿ ಹೋಗಿದ್ದದ್ದು ಒಂದೇ ಸಾಲು: “ಡಿ:\ಲೆಕ್ಕ\ತೊಗರಿ\ಮಾರ್ಚ್ ಬಾಕಿ”. ಫೈಲಿನ ಬದಲು ಅದರ ಪಾತ್, ಅಂದರೆ ಕಂಪ್ಯೂಟರಿನೊಳಗೆ ಅದು ಇರುವ ಜಾಗದ ವಿಳಾಸ, ಹೋಗಿತ್ತು. ತಪ್ಪು ಅವರದಲ್ಲ, ನನ್ನದು. ಹಿಂದಿನ ವಾರ ‘ಕಾಪಿ ಆ್ಯಸ್ ಪಾತ್’ ತೋರಿಸಿಕೊಟ್ಟವನು ಅದೇನೆಂದು ಹೇಳದೆ ಎದ್ದು ಬಂದಿದ್ದೆ.

ಪಹಣಿ ತೆಗೆಸುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತೇವಲ್ಲ, ಪಾತ್ ಕೂಡ ಹಾಗೆಯೇ. ಮೊದಲು ಡ್ರೈವ್, ಆಮೇಲೆ ಫೋಲ್ಡರ್, ಅದರೊಳಗಿನ ಫೋಲ್ಡರ್, ಕೊನೆಗೆ ಫೈಲ್. ಸರ್ವೆ ನಂಬರ್ ಬರೆದುಕೊಟ್ಟರೆ ಹೊಲವನ್ನೇ ಕೊಟ್ಟಂತಾಗುವುದಿಲ್ಲ. ಅದೂ ಅಲ್ಲದೆ ಆಡಿಟರ್ ಕಂಪ್ಯೂಟರಿನ ಡಿ ಡ್ರೈವೇ ಬೇರೆ.

ವಿಂಡೋಸ್ 11ರಲ್ಲಿ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ‘ಕಾಪಿ ಆ್ಯಸ್ ಪಾತ್’ ಎದುರಿಗೇ ಇರುತ್ತದೆ. ಫೈಲನ್ನು ಆರಿಸಿಕೊಂಡು ಕಂಟ್ರೋಲ್, ಶಿಫ್ಟ್, ಸಿ ಒಟ್ಟಿಗೆ ಒತ್ತಿದರೂ ಆಯಿತು. ವಿಂಡೋಸ್ 10ರಲ್ಲಿ ಶಿಫ್ಟ್ ಹಿಡಿದುಕೊಂಡೇ ಬಲಗುಂಡಿ ಒತ್ತಬೇಕು. ಮ್ಯಾಕ್ ಇದ್ದವರಿಗೆ ಆಪ್ಷನ್, ಕಮಾಂಡ್, ಸಿ.

ಇದರ ನಿಜವಾದ ಉಪಯೋಗ ಅಪ್‌ಲೋಡ್ ಮಾಡುವಾಗ. ಸರ್ಕಾರಿ ಜಾಲತಾಣ ‘ಫೈಲ್ ಆರಿಸಿ’ ಎಂದು ಕಿಟಕಿಯೊಂದನ್ನು ತೆರೆಯುತ್ತದೆ. ಎಲ್ಲರೂ ಅಲ್ಲಿ ಫೋಲ್ಡರಿನಿಂದ ಫೋಲ್ಡರಿಗೆ ಅಲೆಯುತ್ತಾರೆ, ಅಷ್ಟರಲ್ಲಿ ಲಾಗಿನ್ ಅವಧಿ ಮುಗಿದಿರುತ್ತದೆ. ಅಲೆಯಬೇಡಿ. ವಿಂಡೋಸಿನಲ್ಲಿ ಕೆಳಗೆ ‘ಫೈಲ್ ನೇಮ್’ ಎಂಬ ಖಾಲಿ ಜಾಗವಿದೆ. ಮೊದಲೇ ಕಾಪಿ ಮಾಡಿಟ್ಟ ಪಾತನ್ನು ಅಲ್ಲಿ ಪೇಸ್ಟ್ ಮಾಡಿ ಎಂಟರ್ ಒತ್ತಿ. ನಡುವೆ ಬೇರೇನನ್ನೂ ಕಾಪಿ ಮಾಡಬಾರದು, ಮಾಡಿದರೆ ಪೇಸ್ಟ್ ಒತ್ತಿದಾಗ ಬರುವುದು ಅದೇ.

ವಿಂಡೋಸ್ ಪಾತಿನ ಎರಡೂ ತುದಿಗೆ ಉದ್ಧರಣ ಚಿಹ್ನೆ ಸೇರಿಸಿ ಕೊಡುತ್ತದೆ. ‘ಮಾರ್ಚ್ ಬಾಕಿ’ ಎಂಬಂತೆ ಹೆಸರಿನ ನಡುವೆ ಜಾಗವಿದ್ದರೆ ಕೆಲವು ಕಡೆ ಯಂತ್ರ ಅದನ್ನು ಎರಡು ಹೆಸರೆಂದು ತಿಳಿಯುತ್ತದೆ. ಆ ಗೊಂದಲಕ್ಕೆ ಹಾಕಿದ ಬೇಲಿ ಅದು. ‘ಫೈಲ್ ನೇಮ್’ ಜಾಗದಲ್ಲಿ ಅದರಿಂದ ತೊಂದರೆಯಿಲ್ಲ. ಬೇರೆ ತಂತ್ರಾಂಶ ಮುನಿಸಿಕೊಂಡರೆ ಮೊದಲು ಚಿಹ್ನೆಗಳನ್ನು ಅಳಿಸಿ ನೋಡಿ.

ನಾಲ್ಕಾರು ಕಂಪ್ಯೂಟರ್‌ಗಳಿಗೆ ಒಂದೇ ಫೋಲ್ಡರ್ ಹಂಚಿಕೊಂಡ ಕಚೇರಿಗಳಲ್ಲಿ ಇನ್ನೊಂದು ಪೇಚು. ನಿಮ್ಮ ಮೇಜಿನಲ್ಲಿ ಅದು ಝಡ್ ಡ್ರೈವ್, ಪಕ್ಕದವರಲ್ಲಿ ವೈ ಡ್ರೈವ್ ಆಗಿರಬಹುದು. ಆಗ ಡ್ರೈವಿನ ಅಕ್ಷರ ಬಿಟ್ಟು, ಎರಡು ಓರೆಗೆರೆಯ (\\) ನಂತರ ಫೋಲ್ಡರ್ ಇರುವ ಕಂಪ್ಯೂಟರಿನ ಹೆಸರಿನಿಂದ ಶುರುವಾಗುವ ಪಾತ್ ಕಳಿಸಬೇಕು.

ಕನ್ನಡದಲ್ಲಿ ಹೆಸರಿಡುವವರಿಗೆ ಒಂದು ಮಾತು (ನಾನೂ ಇಡುತ್ತೇನೆ). ವಿಂಡೋಸಿನಲ್ಲಿ ಪಾತಿನ ಉದ್ದಕ್ಕೆ ಹಿಂದಿನಿಂದ ಬಂದ ಮಿತಿ 260 ಅಕ್ಷರ. ‘ಕಲಬುರಗಿ’ ನಮ್ಮ ಕಣ್ಣಿಗೆ ಐದು ಅಕ್ಷರ. ಕೊಂಬು, ಗುಡಿಸುಗಳನ್ನೂ ಎಣಿಸುವ ಯಂತ್ರಕ್ಕೆ ಏಳು. ಒತ್ತಕ್ಷರ ಬಂದರೆ ಲೆಕ್ಕ ಇನ್ನೂ ಏರುತ್ತದೆ. ಹೆಸರು ಗಿಡ್ಡವಾಗಿರಲಿ.

ಫೋಲ್ಡರಿನ ಹೆಸರು ಬದಲಾದರೆ ಹಳೆಯ ಪಾತ್ ಸತ್ತಂತೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾದ ಮೇಲೆ, ನಾನು ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಅಭಿಮಾನಿಗಳೊಬ್ಬರು ಫೋಲ್ಡರಿಗೂ ಹೊಸ ಹೆಸರಿಟ್ಟರು. ಅಂಚೆಯಣ್ಣ ಹಳೆಯ ಹೆಸರಿನ ಕಾಗದವನ್ನೂ ಮನೆಗೆ ತಲುಪಿಸಿಯಾನು. ಎಕ್ಸೆಲ್‌ಗೆ ಅಷ್ಟು ತಾಳ್ಮೆ ಇಲ್ಲ. ಆ ಫೋಲ್ಡರಿನಿಂದ ಅಂಕಿ ಎತ್ತಿಕೊಳ್ಳುತ್ತಿದ್ದ ಹಾಳೆಗಳೆಲ್ಲ ಅಂದೇ ಕೆಟ್ಟು ಕುಳಿತವು. ಪ್ರತಿ ಹಾಳೆ ತಿದ್ದಲು ಪುರುಸೊತ್ತು ಯಾರಿಗಿತ್ತು? ಹಳೆಯ ಹೆಸರನ್ನೇ ಮರಳಿ ಇಟ್ಟು ಬಂದೆ. ಆ ಕಂಪ್ಯೂಟರಿನೊಳಗೆ ಊರು ಇಂದಿಗೂ ಗುಲ್ಬರ್ಗಾವೇ.