ವರ್ಕ್‌ಸ್ಟೇಷನ್‌ಗೆ ಕೊಡುವ ಹಣ ಯಾವುದಕ್ಕೆ ಹೋಗುತ್ತದೆ?

ವಾಸ್ತುವಿನ್ಯಾಸ ಕಚೇರಿಗಳಿಗೂ ವಿಡಿಯೊ ಎಡಿಟಿಂಗ್ ಸ್ಟುಡಿಯೊಗಳಿಗೂ ಕಂಪ್ಯೂಟರ್ ಆಯ್ದುಕೊಡುವಾಗ ನನಗೆ ಹೆಚ್ಚಾಗಿ ಎದುರಾಗುವ ಬೇಡಿಕೆ, "ಬೆಲೆ ಎಷ್ಟಾದರೂ ಸರಿ, ಎಲ್ಲಕ್ಕಿಂತ ವೇಗದ್ದೇ ಇರಲಿ" ಎಂಬುದು. ಅಂಥವರ ಕಣ್ಣು ಹೋಗುವುದು ವರ್ಕ್‌ಸ್ಟೇಷನ್ ಕಡೆಗೆ, ಅಂದರೆ ಭಾರದ ವೃತ್ತಿಕೆಲಸಕ್ಕೆಂದೇ ಕಟ್ಟಿದ ದುಬಾರಿ ಕಂಪ್ಯೂಟರ್ ಕಡೆಗೆ. ಆದರೆ ಅತಿ ದುಬಾರಿ ಯಂತ್ರವೇ ಎಲ್ಲ ಕೆಲಸಕ್ಕೂ ಅತಿ ವೇಗದ ಯಂತ್ರವಾಗಿರುವುದಿಲ್ಲ. 2023ರಲ್ಲಿ ಬಂದ ಎಎಂಡಿ ಕಂಪನಿಯ ಥ್ರೆಡ್‌ರಿಪ್ಪರ್ ಪ್ರೊ 7995ಡಬ್ಲ್ಯುಎಕ್ಸ್ ಎಂಬ ವರ್ಕ್‌ಸ್ಟೇಷನ್ ಪ್ರೊಸೆಸರ್‌ನಲ್ಲಿ 96 ಕೋರ್‌ಗಳಿವೆ, ಅಂದರೆ ಏಕಕಾಲಕ್ಕೆ ದುಡಿಯಬಲ್ಲ 96 ಘಟಕಗಳು. ಬಿಡುಗಡೆಯಾದಾಗ ಅದರ ಬೆಲೆ ಸುಮಾರು 10,000 ಡಾಲರ್. ಮರುವರ್ಷ ಬಂದ ಅದೇ ಕಂಪನಿಯ ಡೆಸ್ಕ್‌ಟಾಪ್ ಪ್ರೊಸೆಸರ್ ರೈಜನ್ 9 9950ಎಕ್ಸ್‌ನಲ್ಲಿ ಇರುವುದು 16 ಕೋರ್, ಬಿಡುಗಡೆಯಾದಾಗ ಬೆಲೆ 649 ಡಾಲರ್. ಆದರೂ ಒಂದೇ ಕೋರ್ ದುಡಿಯುವ ಕೆಲಸದಲ್ಲಿ ಅಗ್ಗದ್ದೇ ಮುಂದು, ಏಕೆಂದರೆ ಅದರ ಗರಿಷ್ಠ ವೇಗ 5.7 ಗಿಗಾಹರ್ಟ್ಸ್, ದುಬಾರಿಯದು 5.1.

ಅಂಥ ಕೆಲಸಗಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ನಕ್ಷೆ ಬಿಡಿಸುವ ತಂತ್ರಾಂಶ ಆಟೋಕ್ಯಾಡ್‌ನಲ್ಲಿ ದೊಡ್ಡ ನಕ್ಷೆಯೊಂದು ತಡವರಿಸುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದರೆ, 32 ಥ್ರೆಡ್‌ಗಳ (ಒಂದೊಂದು ಕೋರ್ ಎರಡೆರಡರಂತೆ ನಡೆಸುವ ಕೆಲಸದ ಸಾಲುಗಳು) ಯಂತ್ರದಲ್ಲಿ ಸಿಪಿಯು ಬಳಕೆ ಎಷ್ಟೋ ಸಲ ಶೇ 3ರ ಆಸುಪಾಸಿನಲ್ಲೇ ನಿಂತಿರುತ್ತದೆ. ಯಂತ್ರಕ್ಕೆ ಇನ್ನೂ ತ್ರಾಣವಿದೆ ಎಂದು ಇದನ್ನು ಓದಿಕೊಳ್ಳುವವರೇ ಬಹಳ. ವಾಸ್ತವದಲ್ಲಿ ಒಂದು ಥ್ರೆಡ್ ಏದುಸಿರು ಬಿಡುತ್ತಿದ್ದು, ಉಳಿದ 31 ಕೈಕಟ್ಟಿ ಕೂತಿರುತ್ತವೆ. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲೇ ಈ ಮಿತಿಯನ್ನು ವಿವರಿಸಿದ್ದರು. ಕೆಲಸದ ಐದನೇ ಒಂದು ಪಾಲನ್ನು ಹಲವು ಕೋರ್‌ಗಳಿಗೆ ಹಂಚಲು ಬಾರದಿದ್ದರೆ, 16 ಕೋರ್‌ಗಳಿಂದ ವೇಗ 4 ಪಟ್ಟಾಗುತ್ತದೆ, 64 ಕೋರ್‌ಗಳಿಂದ 4.7 ಪಟ್ಟು. ಆ 0.7ಕ್ಕಾಗಿ ಲಕ್ಷಗಟ್ಟಲೆ ಸುರಿಯಬೇಕೇ ಎಂಬುದನ್ನು ಖರೀದಿಸುವವರೇ ಹೇಳಬೇಕು.

ಹಾಗೆಂದು ವರ್ಕ್‌ಸ್ಟೇಷನ್ ಬರೀ ಆಡಂಬರವಲ್ಲ. ಅದರ ನಿಜವಾದ ಬಲ ಇರುವುದು ಮೆಮೊರಿಯಲ್ಲಿ ಮತ್ತು ಗ್ರಾಫಿಕ್ಸ್ ಕಾರ್ಡ್‌ನಂಥವನ್ನು ಪ್ರೊಸೆಸರ್‌ಗೆ ಜೋಡಿಸುವ ಪಿಸಿಐಇ ಲೇನ್‌ಗಳಲ್ಲಿ. ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ಮೆಮೊರಿಗೆ ಎರಡೇ ಚಾನೆಲ್, ಅಂದರೆ ದತ್ತಾಂಶ ಓಡಾಡಲು ಎರಡೇ ದಾರಿ. ನಾಲ್ಕೂ ಸ್ಲಾಟ್ ತುಂಬಿಸಿದರೆ ಡಿಡಿಆರ್5 ಬಗೆಯ ಮೆಮೊರಿಯ ವೇಗ ಗಣನೀಯವಾಗಿ ಇಳಿಯುತ್ತದೆ, ಇದನ್ನು ಅಂಗಡಿಯವರು ಹೇಳುವುದು ಅಪರೂಪ. ಥ್ರೆಡ್‌ರಿಪ್ಪರ್ ಪ್ರೊನಲ್ಲಿ ಎಂಟು ಚಾನೆಲ್‌ಗಳಿದ್ದು, ದೋಷ ತಿದ್ದುವ ಇಸಿಸಿ ಮೆಮೊರಿಯನ್ನು 2 ಟೆರಾಬೈಟ್‌ವರೆಗೆ ಹಾಕಬಹುದು. ದಿನಗಟ್ಟಲೆ ಓಡುವ ಸಿಮ್ಯುಲೇಶನ್, ಮೆಮೊರಿಯಲ್ಲೇ ಹಿಡಿಸಬೇಕಾದ ದೊಡ್ಡ ದತ್ತಾಂಶ, ಮೂರು ನಾಲ್ಕು ಗ್ರಾಫಿಕ್ಸ್ ಕಾರ್ಡ್‌ಗಳನ್ನು ಪೂರ್ಣ ವೇಗದಲ್ಲಿ ದುಡಿಸುವ ಅಗತ್ಯ, ಇಡೀ ದಿನ ನಡೆಯುವ ಸಿಪಿಯು ರೆಂಡರಿಂಗ್ (ವಿನ್ಯಾಸವನ್ನು ಪ್ರೊಸೆಸರ್‌ನಿಂದಲೇ ಚಿತ್ರವಾಗಿಸುವುದು): ಇವುಗಳಲ್ಲಿ ಒಂದಾದರೂ ನಿಮ್ಮ ನಿತ್ಯದ ಕೆಲಸವಾಗಿದ್ದರೆ ಹಿಂದೆಮುಂದೆ ನೋಡದೆ ಕೊಳ್ಳಿ.

ಆಗಲೂ ಸುತ್ತಲಿನ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು. ಆ 96 ಕೋರ್ ಪ್ರೊಸೆಸರ್‌ನ ನಿಗದಿತ ವಿದ್ಯುತ್ 350 ವ್ಯಾಟ್, ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡಿನದು 450. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಈ ಹೊರೆಯನ್ನು ಹೊರಲಾರದು, 2 ಕೆವಿಎಯದು ಬೇಕು. ಪೂರ್ಣ ದುಡಿಮೆಯಲ್ಲಿ ಗಂಟೆಗೆ ಸುಮಾರು ಒಂದು ಯೂನಿಟ್ ಖರ್ಚಾಗಿ, ಅಷ್ಟೂ ಬಿಸಿಯಾಗಿ ಕೋಣೆಗೇ ಇಳಿಯುತ್ತದೆ. ಬೇಸಿಗೆಯಲ್ಲಿ ಎಸಿಯ ಬಿಲ್ಲು ಬೇರೆ.

ಉಳಿದವರಿಗೆ 16 ಕೋರ್‌ನ ಡೆಸ್ಕ್‌ಟಾಪ್, ಎರಡೇ ಕಡ್ಡಿಗಳಲ್ಲಿ 96 ಜಿಬಿ ಮೆಮೊರಿ, ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸಾಕೆಂದು ನಾನು ಬರೆದುಕೊಡುತ್ತೇನೆ. ಸಂಶಯವಿದ್ದರೆ ನಿಮ್ಮದೇ ಅತಿ ಭಾರದ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಎರಡೂ ಯಂತ್ರಗಳಲ್ಲಿ ಓಡಿಸಿ ತೋರಿಸುವಂತೆ ಮಾರಾಟಗಾರರನ್ನು ಕೇಳಿ, ಮುಂಗಡ ಕೊಡುವ ಮೊದಲೇ.